ಮೊದಲೇ ಬೆರೆಸಿದರೋ, ಆಮೇಲೆ ಕೊಟ್ಟರೋ?

ಹಾವಿನ ವಿಷಕ್ಕೆ ಸಸ್ಯಗಳಲ್ಲಿ ಮದ್ದು ಹುಡುಕುವ ಸಂಶೋಧನೆಗಳನ್ನು ನಾನು ಬಹುಕಾಲದಿಂದ ಆಸ್ಥೆಯಿಂದ ಓದುತ್ತಾ ಬಂದಿದ್ದೇನೆ. ಈಗೀಗ ಅಂಥ ಯಾವುದೇ ಲೇಖನ ಸಿಕ್ಕರೂ ಫಲಿತಾಂಶವನ್ನು ನೋಡುವ ಮೊದಲು ಪ್ರಯೋಗ ನಡೆಸಿದ ವಿಧಾನವನ್ನು ಓದಿ, ಸಸ್ಯದ ಸಾರವನ್ನು ವಿಷದೊಡನೆ ಮೊದಲೇ ಬೆರೆಸಿ ಇಲಿಗೆ ಚುಚ್ಚಿದರೋ ಅಥವಾ ವಿಷ ಚುಚ್ಚಿದ ಮೇಲೆ ಬೇರೆಯಾಗಿ ಕೊಟ್ಟರೋ ಎಂಬುದನ್ನು ಹುಡುಕುತ್ತೇನೆ. ಬಹಳಷ್ಟು ಲೇಖನಗಳಲ್ಲಿ ಮೊದಲೇ ಬೆರೆಸಿರುತ್ತಾರೆ.

ಹಾವಿನ ವಿಷವೆಂದರೆ ಮುಖ್ಯವಾಗಿ ಪ್ರೋಟೀನುಗಳ ಮಿಶ್ರಣ. ಅದರಲ್ಲಿರುವ ಫಾಸ್ಫೊಲಿಪೇಸ್ ಎ2 ಎಂಬ ಕಿಣ್ವ ಜೀವಕೋಶಗಳ ಪೊರೆಯನ್ನು ಒಡೆಯುತ್ತದೆ. ಸತುವಿನ ನೆರವಿಲ್ಲದೆ ಕೆಲಸ ಮಾಡದ ಮೆಟಲೊಪ್ರೊಟಿನೇಸ್ ಎಂಬ ಕಿಣ್ವಗಳು ಸೂಕ್ಷ್ಮ ರಕ್ತನಾಳಗಳ ಗೋಡೆಯನ್ನು ಶಿಥಿಲಗೊಳಿಸಿ ರಕ್ತಸ್ರಾವ ಉಂಟುಮಾಡುತ್ತವೆ. ಹಯಲುರೊನಿಡೇಸ್ ಎಂಬ ಇನ್ನೊಂದು ಕಿಣ್ವ ಅಂಗಾಂಶವನ್ನು ಸಡಿಲಿಸಿ ಉಳಿದ ವಿಷ ಹರಡಲು ದಾರಿ ಮಾಡಿಕೊಡುತ್ತದೆ. ಇತ್ತ ಬೇರು, ತೊಗಟೆ, ಬೀಜಗಳ ಸಾರದಲ್ಲಿ ಟ್ಯಾನಿನ್ ಎಂಬ ಒಗರು ವಸ್ತು ಅನೇಕ ಸಲ ಹೇರಳವಾಗಿರುತ್ತದೆ. ಟ್ಯಾನಿನ್ ಯಾವ ಪ್ರೋಟೀನು ಸಿಕ್ಕಿದರೂ ಅದಕ್ಕೆ ಅಂಟಿಕೊಳ್ಳುತ್ತದೆ. ಹಸಿ ಚರ್ಮವನ್ನು ಹದ ಮಾಡಲು ತೊಗಟೆಯನ್ನು ಬಳಸುವುದೂ ಇದೇ ಗುಣದಿಂದ. ವಿಷವನ್ನೂ ಇಂಥ ಸಾರವನ್ನೂ ಒಂದೇ ನಳಿಕೆಯಲ್ಲಿ ಸ್ವಲ್ಪ ಹೊತ್ತು ಇಟ್ಟರೆ ವಿಷದ ಪ್ರೋಟೀನುಗಳು ಅಲ್ಲಿಯೇ ಕಟ್ಟಿಹೋಗುತ್ತವೆ, ಇಲಿ ಬದುಕುತ್ತದೆ. ಆದರೆ ಹಾವು ಕಚ್ಚಿದಾಗ ವಿಷ ಆಗಲೇ ಸ್ನಾಯುವಿನೊಳಗೆ ಇಳಿದಿರುತ್ತದೆ, ಮತ್ತು ಬಾಯಿಂದ ಕುಡಿಸಿದ ಟ್ಯಾನಿನ್‌ನಲ್ಲಿ ರಕ್ತಕ್ಕೆ ಸೇರುವ ಭಾಗ ತೀರಾ ಅಲ್ಪ. ನಳಿಕೆಯಲ್ಲಿ ಕಂಡ ಸಂಪೂರ್ಣ ಗೆಲುವನ್ನು ಚಿಕಿತ್ಸೆಯೆಂದು ಕರೆಯುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ಹಾಗೆಂದು ಇಡೀ ಕ್ಷೇತ್ರವನ್ನು ತಳ್ಳಿಹಾಕುವುದು ಅನ್ಯಾಯ. ಗರುಗದಲ್ಲಿರುವ ವೆಡೆಲೊಲ್ಯಾಕ್ಟೋನ್, ಹಲವು ಸಸ್ಯಗಳಲ್ಲಿ ದೊರೆಯುವ ರೋಸ್‌ಮರಿನಿಕ್ ಆಮ್ಲ, ಸೊಗದೆ ಬೇರಿನಿಂದ ಬೇರ್ಪಡಿಸಿದ ಒಂದು ಬೆಂಜೋಯಿಕ್ ಆಮ್ಲದ ರೂಪ, ಇವೆಲ್ಲ ರಚನೆ ಗೊತ್ತಿರುವ, ಶುದ್ಧವಾಗಿ ಪಡೆದು ಮತ್ತೆ ಮತ್ತೆ ಪರೀಕ್ಷಿಸಬಹುದಾದ ಅಣುಗಳು. ನನ್ನನ್ನು ಹೆಚ್ಚು ಸೆಳೆದದ್ದು ನಸುಗುನ್ನಿಯ ಬೀಜ. ನೈಜೀರಿಯಾದ ಪಾರಂಪರಿಕ ವೈದ್ಯರು ಅದನ್ನು ಹಾವು ಕಚ್ಚಿದ ಮೇಲಲ್ಲ, ಕಚ್ಚುವುದಕ್ಕೆ ಮೊದಲೇ ಮುನ್ನೆಚ್ಚರಿಕೆಯಾಗಿ ಕೊಡುತ್ತಿದ್ದರು. ಇಲಿಗಳ ಮೇಲಿನ ಪ್ರಯೋಗಗಳಲ್ಲಿಯೂ ವಿಷಕ್ಕೆ ಮುಂಚೆಯೇ ಸಾರವನ್ನು ಕೊಟ್ಟಾಗ ರಕ್ಷಣೆ ಕಂಡಿತು. ಬೀಜದಲ್ಲಿರುವ ಒಂದು ಗ್ಲೈಕೊಪ್ರೋಟೀನಿನ (ಸಕ್ಕರೆಯ ಅಣುಗಳು ಅಂಟಿಕೊಂಡ ಪ್ರೋಟೀನಿನ) ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳು ವಿಷದ ಕೆಲವು ಪ್ರೋಟೀನುಗಳನ್ನೂ ಗುರುತಿಸುತ್ತವೆ ಎಂಬುದು ಇದಕ್ಕೆ ಸಂಶೋಧಕರು ಕೊಟ್ಟ ವಿವರಣೆ. ಅಂದರೆ ಇದು ಮದ್ದಿಗಿಂತ ಲಸಿಕೆಗೆ ಹತ್ತಿರವಾದದ್ದು. ಈಗಷ್ಟೇ ಕಚ್ಚಿಸಿಕೊಂಡವರಿಗೆ ಇದರಿಂದ ಪ್ರಯೋಜನವಿಲ್ಲ.

ಈಶ್ವರಿ ಬಳ್ಳಿಯ ಕಥೆ ಕಠೋರವಾದದ್ದು. ಅದರ ಕುಲದ ಸಸ್ಯಗಳನ್ನು ಹಲವು ಖಂಡಗಳ ಜನರು ಹಾವಿನ ಕಡಿತಕ್ಕೆ ಬಳಸಿದ್ದಾರೆ, ಮತ್ತು ಅವುಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಫಾಸ್ಫೊಲಿಪೇಸ್ ಎ2 ಅನ್ನು ತಡೆಯುವುದೂ ನಿಜ. ಆದರೆ 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಗುಳಿಗೆಗಳ ಮೂಲಕ ಇದೇ ಆಮ್ಲ ಸೇವಿಸಿದ ಅನೇಕ ಮಹಿಳೆಯರ ಮೂತ್ರಪಿಂಡಗಳು ಹಾಳಾದವು, ಮುಂದೆ ಅವರಲ್ಲಿ ಹಲವರಿಗೆ ಮೂತ್ರನಾಳದ ಕ್ಯಾನ್ಸರ್ ಕೂಡ ಬಂತು. ಇಂದು ಅದು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ಖಚಿತವಾಗಿರುವ ವಸ್ತುಗಳ ಪಟ್ಟಿಯಲ್ಲಿದೆ. ಹಾವಿನ ಕಡಿತಕ್ಕೆ ಬಳಸುವ ಸರ್ಪಗಂಧಿಯ ವಿಷಯದಲ್ಲಿಯೂ ಎಚ್ಚರ ಬೇಕು: 1952ರಲ್ಲಿ ಅದರಿಂದ ಬೇರ್ಪಡಿಸಿದ ರೆಸರ್ಪಿನ್ ರಕ್ತದೊತ್ತಡವನ್ನು ಇಳಿಸುತ್ತದೆ, ಮಂಡಲದ ಹಾವು ಕಚ್ಚಿದವರ ರಕ್ತದೊತ್ತಡವಾದರೋ ಅನೇಕ ಸಲ ಮೊದಲೇ ಕುಸಿದಿರುತ್ತದೆ.

ಪರಂಪರೆಯ ಮದ್ದಿನಿಂದ ಬದುಕಿದವರ ಮಾತುಗಳು ಸುಳ್ಳಲ್ಲ. ಆದರೆ ಹಾವುಗಳಲ್ಲಿ ಹೆಚ್ಚಿನವು ಮನುಷ್ಯನಿಗೆ ಅಪಾಯ ತರುವಂಥವಲ್ಲ, ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಅಂಥವರಿಗೆ ಏನು ಕುಡಿಸಿದ್ದರೂ ಅವರು ಬದುಕುತ್ತಿದ್ದರು.

ಇಷ್ಟಾದರೂ ನಾನು ಈ ಹುಡುಕಾಟ ಮುಂದುವರಿಯಬೇಕೆಂದು ಬಯಸುವುದಕ್ಕೆ ಕಾರಣವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ವರ್ಷಕ್ಕೆ 81,000ದಿಂದ 1,38,000 ಜನರು ಹಾವಿನ ಕಡಿತದಿಂದ ಸಾಯುತ್ತಾರೆ, ಅದರ ಸುಮಾರು ಮೂರು ಪಟ್ಟು ಜನರು ಕೈಕಾಲು ಕಳೆದುಕೊಳ್ಳುತ್ತಾರೆ ಅಥವಾ ಶಾಶ್ವತ ಊನಕ್ಕೆ ಒಳಗಾಗುತ್ತಾರೆ. ಕುದುರೆಗಳ ರಕ್ತದಿಂದ ತಯಾರಿಸುವ ಪ್ರತಿವಿಷವೇ ಇಂದಿಗೂ ಜೀವ ಉಳಿಸುವ ಔಷಧ. ಹಾವು ಕಚ್ಚಿದವರು ತಡಮಾಡದೆ ಅದಿರುವ ಆಸ್ಪತ್ರೆಗೆ ಹೋಗಲೇಬೇಕು, ಈ ಮಾತಿನಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ ಪ್ರತಿವಿಷದಲ್ಲಿರುವ ಪ್ರತಿಕಾಯಗಳು ದೊಡ್ಡ ಅಣುಗಳಾದ್ದರಿಂದ ಕಚ್ಚಿದ ಜಾಗದ ಅಂಗಾಂಶದೊಳಗೆ ನಿಧಾನವಾಗಿ ಇಳಿಯುತ್ತವೆ, ಅಷ್ಟರಲ್ಲಿ ಅಲ್ಲಿನ ಸ್ನಾಯು ಕೊಳೆಯಲು ತೊಡಗಿರುತ್ತದೆ. ಸಣ್ಣ ಅಣುಗಳು ಬೇಗ ಒಳನುಗ್ಗಬಲ್ಲವು. ಫಾಸ್ಫೊಲಿಪೇಸ್ ಎ2 ಅನ್ನು ತಡೆಯುವ ವರೆಸ್ಪ್ಲಾಡಿಬ್ ಎಂಬ ಕೃತಕ ಅಣು ಹಾವು ಕಚ್ಚಿದ ರೋಗಿಗಳ ಮೇಲಿನ ಪ್ರಯೋಗದವರೆಗೆ ಬಂದಿರುವುದು ಇದೇ ಆಸೆಯಿಂದ.

ಆದ್ದರಿಂದ ನಾನು ಓದಲು ಕಾಯುತ್ತಿರುವ ಪ್ರಯೋಗ ಹೀಗಿರುತ್ತದೆ: ಮೊದಲು ವಿಷವನ್ನು ಚುಚ್ಚಿ, ಆಸ್ಪತ್ರೆ ತಲುಪಲು ಬೇಕಾಗುವಷ್ಟು ಹೊತ್ತು ಕಾದು, ಕೆಲವು ಇಲಿಗಳಿಗೆ ಪ್ರತಿವಿಷವನ್ನು ಮಾತ್ರ, ಇನ್ನು ಕೆಲವಕ್ಕೆ ಪ್ರತಿವಿಷದ ಜೊತೆಗೆ ಟ್ಯಾನಿನ್ ತೆಗೆದು ಶುದ್ಧಗೊಳಿಸಿದ ಸಸ್ಯದ ಅಣುವನ್ನು ಕೊಟ್ಟು, ಕೆಲವು ದಿನಗಳ ಬಳಿಕ ಯಾವ ಗುಂಪಿನಲ್ಲಿ ಕಾಲಿನ ಸ್ನಾಯು ಹೆಚ್ಚು ಉಳಿದಿದೆ ಎಂದು ಅಳೆಯುವುದು.