ಸಾಬೂನು ಯಾವ ದಾರಿಯಲ್ಲಿ ಬಂತು?

ಭಾನುವಾರ, 9 ಮಾರ್ಚ್ 2025

ಇವತ್ತು ಮಧ್ಯಾಹ್ನವೆಲ್ಲ ‘ಸಾಬೂನು’ ಅನ್ನೋ ಪದದ ಹಿಂದೆಯೇ ಹೋಯ್ತು. ಈಗ ಎಲ್ಲರ ಬಾಯಲ್ಲೂ ಸೋಪೇ ಜಾಸ್ತಿ. ಆದರೂ ಸಾಬೂನು ಇನ್ನೂ ಮರೆತುಹೋಗಿಲ್ಲ.

ಇದು ಪೋರ್ಚುಗೀಸರು ತಂದ ಪದ ಅಂತ ಹೇಳೋರಿದ್ದಾರೆ. ಚಾವಿ, ಅಲಮಾರು ಎರಡೂ ಅವರಿಂದ ಬಂದವು, ಅವರ ಭಾಷೆಯಲ್ಲಿ ಸೋಪಿಗೆ ‘ಸಬಾಂವ್’ ಅಂತಾರೆ, ಹಾಗಾಗಿ ನಂಬೋದೂ ಸುಲಭ. ಆದರೆ ಅರಬ್ಬಿ, ಪಾರಸಿ ಎರಡರಲ್ಲೂ ‘ಸಾಬೂನ್’ ಅಂತಲೇ ಇದೆ.

ನನಗಂತೂ ಪೋರ್ಚುಗೀಸ್ ಕಥೆ ಒಪ್ಪಿಗೆಯಾಗೋದಿಲ್ಲ. ಕಾರಣ, ಕೊನೆಯ ಆ ‘ನ’. ಅವರು ಬ್ರೆಡ್ಡಿಗೆ ಹೇಳೋ ಪದವೂ ಹೀಗೇ ಮೂಗಿನಲ್ಲೇ ಮುಗಿಯುತ್ತದೆ, ಸುಮಾರಾಗಿ ‘ಪಾಂವ್’ ಅನ್ನೋ ಹಾಗೆ. ಅದು ಇಲ್ಲಿಗೆ ಬಂದು ಪಾವ್ ಆಯ್ತು, ಪಾನು ಆಗಲಿಲ್ಲ. ಅದೇ ಲೆಕ್ಕದಲ್ಲಿ ಇದೂ ಸಬಾವ್ ಆಗಬೇಕಿತ್ತು, ಅಲ್ವಾ? ‘ಬೂ’ ಅನ್ನೋ ದೀರ್ಘ, ಅದರ ಬೆನ್ನಿಗೇ ಸ್ಪಷ್ಟವಾದ ‘ನ’, ಎರಡೂ ಅರಬ್ಬಿಯಲ್ಲಿ ಇದ್ದ ಹಾಗೇ ಕನ್ನಡದಲ್ಲಿ ಉಳಿದಿವೆ.

ಇದಕ್ಕಿಂತ ಗಟ್ಟಿ ಸಾಕ್ಷಿ ಪಂಜಾಬಿನದು. ಹೊಲಸಾದ ಬಟ್ಟೆಯನ್ನು ಸಾಬೂನು ಹಾಕಿ ತೊಳೀತೀವಿ, ಪಾಪ ತುಂಬಿದ ಬುದ್ಧಿಯನ್ನು ದೇವರ ಹೆಸರಿನ ಬಣ್ಣವೇ ತೊಳೀಬೇಕು ಅನ್ನೋ ಮಾತು ಸಿಖ್ಖರ ಪ್ರಾರ್ಥನೆಯಾದ ಗುರು ನಾನಕರ ಜಪ್‌ಜಿಯಲ್ಲಿ ಬರುತ್ತದೆ, ಅಲ್ಲಿರೋ ಪದ ‘ಸಾಬೂಣು’. ನಾನಕರ ಕಾಲ 1469ರಿಂದ 1539. ಪೋರ್ಚುಗೀಸರು ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ, ಗೋವಾ ಹಿಡಿದದ್ದು 1510ರಲ್ಲಿ. ಕರಾವಳಿಯಲ್ಲಿ ಇಳಿದ ಪದವೊಂದು ಅಷ್ಟು ಬೇಗ ದೂರದ ಪಂಜಾಬಿಗೆ ಹೋಗಿ, ಕೇಳಿದ ತಕ್ಷಣ ಜನಕ್ಕೆ ಅರ್ಥವಾಗುವಷ್ಟು ಬಳಕೆಗೆ ಬಂತು ಅಂದ್ರೆ ನಂಬೋದು ಕಷ್ಟ. ಪಾರಸಿ ನಡೆಯುತ್ತಿದ್ದ ಆಸ್ಥಾನ, ಪೇಟೆಗಳಲ್ಲಿ ಅದು ಮೊದಲೇ ಓಡಾಡುತ್ತಿರಬೇಕು. ದಖನ್ನಿನ ಸುಲ್ತಾನರ ಕಾಲದಲ್ಲಿ ಅದೇ ದಾರಿಯಿಂದ ಕನ್ನಡಕ್ಕೂ ಬಂತು ಅಂತ ನನ್ನ ಊಹೆ.

ಅರಬ್ಬಿಯವರದ್ದೂ ಸ್ವಂತ ಪದವಲ್ಲ. ಅದರ ಮೂಲ ಲ್ಯಾಟಿನ್ನಿನ ‘ಸಾಪೋ’. ಒಂದನೇ ಶತಮಾನದ ರೋಮನ್ ಲೇಖಕ ಪ್ಲಿನಿ ಇದರ ಬಗ್ಗೆ ಬರೆದಿದ್ದಾನೆ: ಕೂದಲು ಕೆಂಪಗೆ ಮಾಡೋಕೆ ಗಾಲ್ (ಈಗಿನ ಫ್ರಾನ್ಸ್ ಕಡೆಯ) ಜನ ಕಂಡುಹಿಡಿದದ್ದು, ಕೊಬ್ಬು ಮತ್ತು ಬೂದಿಯಿಂದ ಮಾಡ್ತಾರೆ, ಜರ್ಮನರಲ್ಲಿ ಹೆಂಗಸರಿಗಿಂತ ಗಂಡಸರೇ ಜಾಸ್ತಿ ಬಳಸ್ತಾರೆ ಅಂತ. ಓದಿ ಖುಷಿಯಾಯ್ತು, ತೊಳೆಯೋ ಮಾತೇ ಇಲ್ಲ ಅಲ್ಲಿ! ಪದವನ್ನು ರೋಮನ್ನರು ಜರ್ಮನ್ ಬುಡಕಟ್ಟುಗಳ ಮಾತಿನಿಂದ ತಗೊಂಡರು ಅನ್ನೋದು ಬಹಳಷ್ಟು ಭಾಷಾತಜ್ಞರ ಅಭಿಪ್ರಾಯ. ಇಂಗ್ಲಿಷಿನ ಸೋಪು ಕೂಡ ಅದೇ ಬೇರಿನದು. ಅಲ್ಲಿಗೆ ಸೋಪು, ಸಾಬೂನು ಎರಡೂ ದಾಯಾದಿಗಳು. ಒಂದು ಇಂಗ್ಲಿಷರ ಜೊತೆ ನೇರ ಬಂತು, ಇನ್ನೊಂದು ರೋಮ್, ಅರಬ್, ಪಾರಸಿ ಎಲ್ಲ ಸುತ್ತಿಕೊಂಡು ಅದಕ್ಕಿಂತ ಮೊದಲೇ ಬಂದಿತ್ತು.