ಸಾರಿನಲ್ಲಿ ಖಾರ ಜಾಸ್ತಿ ಇರಲಿಲ್ಲ

ಹೋದ ವರ್ಷ ಅಮ್ಮ ಊಟಕ್ಕೆ ಕೂತಾಗಲೆಲ್ಲ ಒಂದೇ ಮಾತು. ‘ಸಾರು ಖಾರ ಆಗಿದೆ ಕಣೇ, ನಾಲಿಗೆ ಉರೀತಿದೆ.’ ನಾನು ಪುಡಿ ಕಡಿಮೆ ಹಾಕಿದೆ. ಆಮೇಲೆ ಇನ್ನೂ ಕಡಿಮೆ. ಕೊನೆಗೆ ಅಮ್ಮ ಬರೀ ಮಜ್ಜಿಗೆ ಅನ್ನಕ್ಕೆ ಬಂದು ನಿಂತರು. ನೋಡಿದವರೆಲ್ಲ ಉಷ್ಣ ಎಂದರು, ನಾವೂ ನಂಬಿದೆವು. ಕಾಮಕಸ್ತೂರಿ ಬೀಜ ನೆನೆಸಿ ಕುಡಿಸಿದ್ದಾಯಿತು, ನಾಲಿಗೆಗೆ ತುಪ್ಪ ಸವರಿದ್ದಾಯಿತು, ಮೆಡಿಕಲ್ ಶಾಪಿನಿಂದ ಬಿ ಕಾಂಪ್ಲೆಕ್ಸ್ ಮಾತ್ರೆ ತಂದು ಒಂದು ವಾರ ನುಂಗಿಸಿ, ಸ್ವಲ್ಪ ಪರವಾಗಿಲ್ಲ ಅನ್ನಿಸಿದ ಕೂಡಲೇ ಬಿಟ್ಟದ್ದೂ ಆಯಿತು. ಮೂರು ನಾಲ್ಕು ತಿಂಗಳು ಹೀಗೇ ಕಳೆಯಿತು. ಇಷ್ಟೆಲ್ಲ ಮಾಡಿದ ನಾವು ಒಂದು ದಿನವೂ ‘ಅಮ್ಮಾ, ನಾಲಿಗೆ ಚಾಚು, ನೋಡೋಣ’ ಅನ್ನಲಿಲ್ಲ. ನನಗೆ ಈಗಲೂ ಬೇಜಾರಾಗುವುದು ಅದಕ್ಕೇ.

ನೋಡಿದ್ದು ಡಾಕ್ಟರು, ಸಕ್ಕರೆ ಕಾಯಿಲೆಯ ಮಾಮೂಲಿ ತಪಾಸಣೆಗೆ ಹೋದಾಗ. ಅಮ್ಮನ ನಾಲಿಗೆ ಕೆಂಪಗೆ, ನುಣ್ಣಗೆ ಹೊಳೆಯುತ್ತಿತ್ತು. ನಾಲಿಗೆ ನುಣ್ಣಗಿರಬಾರದು. ಕರು ಕೈ ನೆಕ್ಕಿದರೆ ಉಪ್ಪು ಕಾಗದದ ಹಾಗೆ ತರಿತರಿ ಅನ್ನಿಸುತ್ತದೆ ಅಲ್ವಾ, ಆ ಥರದ ಉಬ್ಬುಗಳು ನಮ್ಮ ನಾಲಿಗೆಯಲ್ಲೂ ಇವೆ, ತುಂಬ ಸಣ್ಣವು. ಬಾಯಿಯ ಒಳಪದರ ಬೇಗ ಬೇಗ ಸವೆದು ಹೊಸದಾಗಿ ಹುಟ್ಟುತ್ತಿರುತ್ತದೆ. ರುಚಿ ಮೊಗ್ಗಿನ ಜೀವಕೋಶಗಳೇ ಸುಮಾರು 10 ದಿನಕ್ಕೊಮ್ಮೆ ಬದಲಾಗುತ್ತವೆ. ಹೊಸ ಜೀವಕೋಶ ಹುಟ್ಟಲು ಬಿ12, ಫೋಲೇಟ್ ಎಂಬ ವಿಟಮಿನ್‌ಗಳು, ಕಬ್ಬಿಣ ಬೇಕು. ಇವು ಕಡಿಮೆಯಾದರೆ ಸವೆದದ್ದು ಸವೆದ ಹಾಗೇ ಉಳಿಯುತ್ತದೆ, ಉಬ್ಬುಗಳು ಮಾಯವಾಗುತ್ತವೆ, ಚರ್ಮ ತೆಳುವಾಗುತ್ತದೆ. ಖಾರ ಅನ್ನುವುದು ನಿಜವಾಗಿ ರುಚಿಯೇ ಅಲ್ಲ, ಬಿಸಿಯನ್ನೂ ನೋವನ್ನೂ ತಿಳಿಸುವ ನರಗಳು ಹೇಳುವ ಮಾತು. ಹಾಗಾಗಿ ತೆಳುವಾದ ನಾಲಿಗೆಗೆ ಸಪ್ಪೆ ಸಾರೂ ಉರಿ.

ಪರೀಕ್ಷೆಯಲ್ಲಿ ಬಿ12 ತೀರಾ ಕಡಿಮೆ ಬಂತು. ಕಾರಣ ಎರಡು. ನಾವು ಸಸ್ಯಾಹಾರಿಗಳು, ಬಿ12 ಸಿಗುವುದೇ ಮಾಂಸ, ಮೀನು, ಮೊಟ್ಟೆ, ಹಾಲು, ಮೊಸರಿನಲ್ಲಿ. ಅಮ್ಮನಿಗೆ ವಯಸ್ಸಾದ ಮೇಲೆ ಹಾಲು ಅಂದರೆ ಕಾಫಿಗೆ ಹಾಕುವಷ್ಟೇ. ಎರಡನೆಯದು ನನಗೆ ಗೊತ್ತೇ ಇರಲಿಲ್ಲ: ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡರೆ ಕೆಲವರಿಗೆ ಆಹಾರದಲ್ಲಿರುವ ಬಿ12 ಸರಿಯಾಗಿ ಮೈಗೆ ಹತ್ತುವುದಿಲ್ಲ. ಅಮ್ಮನ ಪಾದ ಜೋಮು ಹಿಡಿಯುತ್ತಿದ್ದದ್ದನ್ನೂ ಸುಮ್ನೆ ಸಕ್ಕರೆಯ ತಲೆಗೆ ಕಟ್ಟಿದ್ದೆವು. ಬಿ12 ಕೊರತೆಯಿಂದಲೂ ಹಾಗಾಗುತ್ತದೆ, ತಡ ಮಾಡಿದರೆ ನರಕ್ಕೆ ಆದ ಏಟು ಪೂರ್ತಿ ವಾಸಿಯಾಗದೆಯೂ ಉಳಿಯಬಹುದು. ನಿಮ್ಮ ಮನೆಯಲ್ಲಿ ಯಾರಾದರೂ ಈ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ದಯವಿಟ್ಟು ನೀವೇ ನಿಲ್ಲಿಸಬೇಡಿ. ಮುಂದಿನ ಸಲ ಹೋದಾಗ ಬಿ12 ಪರೀಕ್ಷೆ ಬೇಕಾ ಎಂದು ಡಾಕ್ಟರನ್ನು ಕೇಳಿ, ಅಷ್ಟೇ.

ಇಂಜೆಕ್ಷನ್ ಶುರುವಾಗಿ ಕೆಲವೇ ವಾರಗಳಲ್ಲಿ ಉರಿ ಇಳಿಯಿತು. ಅಮ್ಮ ಮೆಣಸಿನ ಸಾರು ಕೇಳಿದ ದಿನ ನಾನು ಅಡುಗೆಮನೆಯಲ್ಲಿ ಅತ್ತುಬಿಟ್ಟೆ.

ಇನ್ನೊಂದು ತಪ್ಪೂ ನಡೆದಿತ್ತು. ನಾಲಿಗೆ ಸರಿಯಿಲ್ಲ, ಕೊಳೆ ಇರಬೇಕು ಎಂದುಕೊಂಡು ಅಮ್ಮ ದಿನಕ್ಕೆ ಎರಡು ಸಲ ಸ್ಟೀಲಿನ ಟಂಗ್ ಕ್ಲೀನರ್‌ನಲ್ಲಿ ಜೋರಾಗಿ ಕೆರೆಯುತ್ತಿದ್ದರು. ನಾಲಿಗೆ ಕೆರೆಯುವುದು ಒಳ್ಳೆಯ ಅಭ್ಯಾಸವೇ, ಚರಕಸಂಹಿತೆಯಲ್ಲೇ ಚಿನ್ನ, ಬೆಳ್ಳಿ, ತಾಮ್ರ, ತವರ, ಹಿತ್ತಾಳೆಯಲ್ಲಿ ಇದಕ್ಕೆ ಕೆರೆಯುವ ಪಟ್ಟಿ ಮಾಡಿಸಿಕೊಳ್ಳಿ ಎಂದಿದೆ. ಬೆಳಿಗ್ಗೆ ಕಾಣುವ ಬಿಳಿ ಪದರ ಅಂದರೆ ಉಬ್ಬುಗಳ ನಡುವೆ ಸಿಕ್ಕಿಕೊಂಡ ಸತ್ತ ಜೀವಕೋಶ, ಬ್ಯಾಕ್ಟೀರಿಯಾ, ಆಹಾರದ ಚೂರು. ಬಾಯಿ ವಾಸನೆ ಹೆಚ್ಚಾಗಿ ಹುಟ್ಟುವುದು ನಾಲಿಗೆಯ ಹಿಂಭಾಗದಲ್ಲಿ. ಹಿಂದಿನಿಂದ ಮುಂದಕ್ಕೆ ಎರಡು ಮೂರು ಸಲ ಹಗುರವಾಗಿ ಎಳೆದು ಬಾಯಿ ಮುಕ್ಕಳಿಸಿದರೆ ಸಾಕು. ರಕ್ತ ಬರಬಾರದು, ಉರಿಯೂ ಆಗಬಾರದು. ಅಸ್ತಮಾಗೆ ಸ್ಟೀರಾಯ್ಡ್ ಇನ್ಹೇಲರ್ ಎಳೆಯುವವರು ಪ್ರತಿ ಸಲವೂ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ಬಾಯಲ್ಲಿ ಬೂಷ್ಟಿನಂಥ ಸೋಂಕು ಕೂರಬಹುದು.

ಈಗ ನಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ ನಾಲಿಗೆ ನೋಡುವುದೇ ಒಂದು ಕೆಲಸ. ಕನ್ನಡಿ, ಮೊಬೈಲ್ ಟಾರ್ಚ್. ಮೇಲ್ಭಾಗಕ್ಕಿಂತ ಅಂಚುಗಳನ್ನೂ ಅಡಿಯನ್ನೂ ಜಾಸ್ತಿ ನೋಡುತ್ತೇವೆ, ನಾಲಿಗೆಯ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವುದು ಅಂಚಿನಲ್ಲೇ. ಮಾಮೂಲಿ ಬಾಯಿ ಹುಣ್ಣು ನೋಯುತ್ತದೆ, ಒಂದೆರಡು ವಾರದಲ್ಲಿ ಮಾಯುತ್ತದೆ. 2 ವಾರ ದಾಟಿದ ಗಾಯ, ಕೆರೆದರೂ ಹೋಗದ ಬಿಳಿ ಅಥವಾ ಕೆಂಪು ಕಲೆ, ಗಟ್ಟಿ ಗಂಟು, ಇವನ್ನು ನೋವಿಲ್ಲದಿದ್ದರೂ ತೋರಿಸಲೇಬೇಕು. ಹೊಗೆಸೊಪ್ಪು ಬಿಡಿ, ಬರೀ ಅಡಿಕೆಯನ್ನೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಕ್ಯಾನ್ಸರ್ ತರುವ ಪದಾರ್ಥಗಳ ಮೊದಲ ಗುಂಪಿಗೆ ಸೇರಿಸಿದೆ. ಪ್ರತಿ ಶುಭಕಾರ್ಯದಲ್ಲೂ ಎಲೆ ಅಡಿಕೆ ಹಂಚುವ ನಮಗೆ ಇದು ಕಷ್ಟದ ಮಾತು, ಆದರೂ ಹೇಳದೆ ಇರಲಾರೆ.

ದೊಡ್ಡಮ್ಮ ಮೂವತ್ತು ವರ್ಷದಿಂದ ಕವಳ ಹಾಕುತ್ತಾರೆ, ಹೊಗೆಸೊಪ್ಪಿನ ಜೊತೆ. ಹಬ್ಬ ಮುಗಿಸಿ ನಮ್ಮಲ್ಲಿಗೆ ಬಂದವರು ಒಂದೇ ಕಡೆ ಅಗಿಯುವುದನ್ನು ನೋಡಿ ಅಮ್ಮ ಟಾರ್ಚ್ ಹಿಡಿದರು. ಬಲ ಅಂಚಿನಲ್ಲಿ ಗಾಯ. ‘ಹಲ್ಲು ತಾಗಿದ್ದು ಕಣೇ, ಹೋಗುತ್ತೆ’ ಎಂದರು ದೊಡ್ಡಮ್ಮ. ‘ಎಷ್ಟು ದಿನ ಆಯ್ತಕ್ಕಾ?’ ‘ಗೌರಿ ಹಬ್ಬಕ್ಕೂ ಮುಂಚೆ.’ ಅಮ್ಮ ಕ್ಯಾಲೆಂಡರ್ ಕಡೆ ನೋಡಿದರು. ಮಾರನೇ ದಿನವೇ ಕರೆದುಕೊಂಡು ಹೋದೆವು. ಹಲ್ಲಿನ ಡಾಕ್ಟರು ಮುರಿದ ದವಡೆ ಹಲ್ಲಿನ ಚೂಪನ್ನು ಉಜ್ಜಿ ನಯ ಮಾಡಿದರು, ಕವಳ ನಿಲ್ಲಿಸಲು ಹೇಳಿದರು, ಎರಡು ವಾರಕ್ಕೆ ಮತ್ತೆ ಬನ್ನಿ, ಮಾಯದಿದ್ದರೆ ಚೂರು ತೆಗೆದು ಪರೀಕ್ಷೆಗೆ ಕಳಿಸೋಣ ಎಂದರು. ಆ ಎರಡು ವಾರ ಬರುವ ಗುರುವಾರಕ್ಕೆ ಮುಗಿಯುತ್ತದೆ. ನಿನ್ನೆ ರಾತ್ರಿ ನೋಡಿದಾಗ ಗಾಯ ಅರ್ಧಕ್ಕೆ ಇಳಿದಿತ್ತು.