ಈ ಬಾಣ ಯಾರದ್ದು ಮಾಮ?

ಭಾನುವಾರದಿಂದ ಇದೊಂದೇ ಪ್ರಶ್ನೆ ತಲೆ ತಿನ್ನುತ್ತಿದೆ. ಅಕ್ಕನ ಮಗಳಿಗೆ ಮಾರನೇ ದಿನ ಫಿಸಿಕ್ಸ್ ಟೆಸ್ಟ್ ಇತ್ತು, ಫಸ್ಟ್ ಪಿಯುಸಿ. ಬಿಎಸ್ಸಿ ಮಾಡಿದ್ದೀನಿ ಅನ್ನೋ ಧೈರ್ಯದಲ್ಲಿ ನಾನೇ ಹೇಳಿಕೊಡಲು ಕೂತೆ. ಬ್ಯಾಂಕ್ ಸೇರಿ 18 ವರ್ಷ ಆಯ್ತು ಅನ್ನೋದು ಆಗ ನೆನಪಿಗೆ ಬರಲಿಲ್ಲ.

ಲೆಕ್ಕ ಹಳೇದೇ. ನೀರಿನ ಬಕೆಟ್ಟನ್ನು ತಲೆ ಮೇಲಿಂದ ಗಿರ್ರನೆ ಸುತ್ತಿಸಬೇಕು. ಅದು ಮೇಲೆ ಬೋರಲಾದಾಗಲೂ ನೀರು ಚೆಲ್ಲಬಾರದು ಅಂದರೆ ಕನಿಷ್ಠ ಎಷ್ಟು ವೇಗ ಬೇಕು? ನಾನು ಚಕಚಕ ಚಿತ್ರ ಬರೆದೆ. ಕೆಳಕ್ಕೆ ಒಂದು ಬಾಣ, ಗುರುತ್ವ. ಮೇಲಕ್ಕೆ ಒಂದು ಬಾಣ, ಸೆಂಟ್ರಿಫ್ಯೂಗಲ್, ಅಂದರೆ ಸುತ್ತುವಾಗ ಹೊರಕ್ಕೆ ತಳ್ಳುತ್ತೆ ಅನ್ನೋ ಬಲ. ಎರಡೂ ಸಮ, ಉತ್ತರ ರೂಟ್ ಜಿ ಆರ್ (ಜಿ ಅಂದರೆ ಗುರುತ್ವದ ವೇಗೋತ್ಕರ್ಷ, ಆರ್ ಅಂದರೆ ಸುತ್ತಿನ ತ್ರಿಜ್ಯ).

ಅವಳು ಮೇಲಿನ ಬಾಣದ ಮೇಲೆ ಪೆನ್ಸಿಲ್ ಇಟ್ಟಳು. "ಈ ಬಾಣ ಯಾರದ್ದು ಮಾಮ? ಕೆಳಗಿನದು ಭೂಮಿಯದ್ದು. ಇದನ್ನ ಯಾರು ಎಳೀತಿದ್ದಾರೆ?"

ಯಾರೂ ಇಲ್ಲ! ನೀರನ್ನು ಮುಟ್ಟಿಕೊಂಡಿರುವುದು ಬಕೆಟ್ ಮಾತ್ರ. ಬೋರಲಾದ ಬಕೆಟ್ಟಿನ ತಳ ನೀರನ್ನು ಕೆಳಕ್ಕೇ ಒತ್ತಬೇಕು, ಬೇರೆ ದಾರಿಯೇ ಇಲ್ಲ. ಬಕೆಟ್ಟಿನ ಒಳಗೇ ಕೂತು ಲೆಕ್ಕ ಮಾಡುವವರು ಆ ಬಾಣ ಹಾಕಿಕೊಳ್ಳಲಿ, ನಾನು ನಿಂತಿದ್ದು ನೆಲದ ಮೇಲೆ. ಅವಳ ಟ್ಯೂಷನ್ ಮೇಷ್ಟ್ರೂ ಇದೇ ಬಾಣ ಹಾಕಿಸುತ್ತಾರಂತೆ, ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಯೋಚನೆ ಮಾಡ್ತಾ ಕೂರಬೇಡಿ ಅಂತ. ಅವರನ್ನು ಬೈಯೋಣ ಅನ್ನಿಸಿತು. ಆದರೆ ನಾನೂ ಡಿಗ್ರಿ ತನಕ ಹಾಗೇ ಮಾರ್ಕ್ಸ್ ತಗೊಂಡವನಲ್ವಾ?

"ಎರಡೂ ಕೆಳಕ್ಕೇ ಅಂದ್ರೆ ನೀರು ಬೀಳಬೇಕಲ್ಲ?" ಅಂದೆ. ಕೇಳಿದ್ದು ನಾನು, ಅವಳಲ್ಲ.

ತಾರಸಿಗೆ ಹೋದೆವು. ಭುಜದಿಂದ ನೀರಿನವರೆಗೆ ಸುಮಾರು 1 ಮೀಟರ್. ಹಾಗಾದರೆ ಮೇಲೆ ಸೆಕೆಂಡಿಗೆ 3.1 ಮೀಟರ್ ವೇಗ ಬೇಕು. ಒಂದೇ ವೇಗದಲ್ಲಿ ತಿರುಗಿಸಿದರೆ 2 ಸೆಕೆಂಡಿಗೆ ಒಂದು ಸುತ್ತು. ಅವಳು ಅದಕ್ಕಿಂತ ಜೋರಾಗಿಯೇ ತಿರುಗಿಸಿದಳು, ಒಂದು ಹನಿ ಚೆಲ್ಲಲಿಲ್ಲ. ನನ್ನ ಸರದಿ ಬಂದಾಗ ಬಕೆಟ್ ಕೆಳಗೆ ಬಂದು ತೋಳು ಜಗ್ಗಿತು. ಅಲ್ಲಿ ಏನಿಲ್ಲ ಅಂದರೂ ಎರಡರಷ್ಟು ಭಾರ. ಮುಂದಿನ ಸುತ್ತಿಗೆ ಕೈ ನಿಧಾನವಾಯಿತು. ನೀರೆಲ್ಲ ನನ್ನ ತಲೆ ಮೇಲೆ, ಉಳಿದದ್ದು ಅಕ್ಕ ಒಣಗಿಸಿದ್ದ ಹಪ್ಪಳದ ಮೇಲೆ.

ಅವಳು ನಗುವುದು ನಿಲ್ಲಿಸಿ ಹೇಳಿದಳು: "ನೀರು ಮೊದಲಿಂದಲೂ ಬೀಳ್ತಾನೇ ಇತ್ತು ಮಾಮ. ನಾನು ತಿರುಗಿಸಿದಾಗ ಬಕೆಟ್ ಅದಕ್ಕಿಂತ ಬೇಗ ಕೆಳಕ್ಕೆ ಬಾಗ್ತಿತ್ತು, ಅದಕ್ಕೇ ತಳಕ್ಕೆ ಅಂಟಿಕೊಂಡಿತ್ತು."

ಇಷ್ಟು ಸರಳವಾಗಿ ನನಗೆ ಯಾರೂ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ ಅನ್ನಿ.

ಮಂಗಳವಾರ ಮೀಟಿಂಗ್‌ನಲ್ಲಿ ಮ್ಯಾನೇಜರ್ ಎಂದಿನಂತೆ "ಮೇಲಿಂದ ತುಂಬಾ ಪ್ರೆಶರ್ ಇದೆ" ಅಂದರು. ವರ್ಷಗಳಿಂದ ತಲೆಯಾಡಿಸಿಕೊಂಡು ಬಂದ ಮಾತು. ಯಾರದ್ದು ಸಾರ್ ಅಂತ ಬಾಯಿ ತುದಿಗೆ ಬಂತು. ಕೇಳಲಿಲ್ಲ. ಟಾರ್ಗೆಟ್ ಬರೆದುಕೊಂಡು ಎದ್ದು ಬಂದೆ.